ಎಪ್ಪತ್ತೊಂದನೇ ಕ್ಲಿಪ್ಪು

ಮಾರಿಕಾ ತಂದಿಟ್ಟಳು, ಆಲೂಗಡ್ಡೆಯ ಚೀಲದಲ್ಲಿ:
ಎಡ ರೆಕ್ಕೆ, ಬಾಲ, ಮೂತಿ ಜಜ್ಜಿದ ಒಡಲು,
ಪ್ರೊಪೆಲ್ಲರಿನ ಒಂದೇ ಎಸಳು.
"ಅಪ್ಪ ಅಟ್ಟದಲ್ಲಿಟ್ಟಿದ್ದ. ಮತ್ತೆ ಹಾರಿಸ್ತಾನಂತೆ.
ನಿನ್ನ ಹತ್ತಿರವೇ ಕೊಡು ಅಂದ."

ನನ್ನ ಹತ್ತಿರವೇ.
ಹಿಲ್ಲಾರ್ ನನ್ನೊಡನೆ ಮಾತಾಡಿ
ಹತ್ತೊಂಬತ್ತು ವರ್ಷ.

ಹೊರಗೆ ಪೈಪ್ಸಿ ಸರೋವರ ಕಲ್ಲಾಗಿದೆ.
ಗ್ಯಾರೇಜಿನ ಹೀಟರು ನನ್ನ ಮೊಣಕಾಲಿಗಷ್ಟೇ ಸಾಲುತ್ತದೆ,
ಒಂದು ರಾತ್ರಿಗೆ ಒಣಗುವ ಅಂಟಿಗೆ ಎರಡು ರಾತ್ರಿ.
ಇರಲಿ. ರಿಪೇರಿಯೆಂದರೆ ಕಾಯುವುದು, ಮತ್ತೆ ತೂಕ.
ತೂಕದ ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ:
ಬಾಲದಲ್ಲಿ ಒಂದು ಗುಲಗಂಜಿ ಅಂಟು ಹೆಚ್ಚಾದರೆ
ಮೂತಿಗೆ ಮೂರು ಗುಲಗಂಜಿ ಸೀಸ ತುರುಕಬೇಕು.
ಹಿಂದಿನದಕ್ಕೆ ಮುಂದೆ ದಂಡ.

ಆಗೆಲ್ಲ ಮೈದಾನದಂಚಿಗೊಂದು ಹಲಗೆಯಿತ್ತು.
ಅದರ ತುಂಬ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು,
ಒಂದೊಂದರ ಮೇಲೂ ಚಾನೆಲ್ಲಿನ ಅಂಕಿ.
ಹಾರಿಸುವವನು ತನ್ನ ಅಂಕಿಯನ್ನು ಕೊರಳಪಟ್ಟಿಗೆ ಸಿಕ್ಕಿಸಬೇಕು;
ಹಲಗೆಯಲ್ಲಿ ಅದಿಲ್ಲವೋ, ಉಳಿದವರು ಸ್ವಿಚ್ಚು ಮುಟ್ಟಬಾರದು.
ಒಂದೇ ಅಲೆಯಲ್ಲಿ ಇಬ್ಬರು ಮಾತಾಡಿದರೆ
ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ.

ಎಪ್ಪತ್ತೊಂದು ಹಿಲ್ಲಾರನ ಕೊರಳಲ್ಲಿತ್ತು.
ನನ್ನದೂ ಎಪ್ಪತ್ತೊಂದೇ.
ನಾನು ಹಲಗೆ ನೋಡಲಿಲ್ಲ.
ಬ್ಯಾಟರಿ ತುಂಬಿದೆಯೋ ಇಲ್ಲವೋ ನೋಡೋಣವೆಂದು
ಕಾರಿನ ಹಿಂದೆ ನಿಂತು, ಒಂದೇ ಒಂದು ಸಲ, ಒತ್ತಿದೆ.

ತಲೆಯೆತ್ತಿದಾಗ ಅವನ ಹಳದಿ ವಿಮಾನ
ರೈ ಹೊಲದೊಳಕ್ಕೆ ಇಳಿಯುತ್ತಿತ್ತು ನೇರ,
ಒಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ.
ನಾನು ತುಟಿ ಪಿಟಕ್ಕೆನ್ನಲಿಲ್ಲ.
ಅವನೂ ಕೇಳಲಿಲ್ಲ. ಚೂರು ಆಯ್ದುಕೊಂಡು ಹೋದ.

ಈಗ ಹಳೆಯ ಹೊದಿಕೆ ಸುಲಿಯುತ್ತೇನೆ.
ಪಕ್ಕೆಲುಬು ಹದಿನಾಲ್ಕರಲ್ಲಿ ಐದು ಮುರಿದಿವೆ,
ಒಂದರ ಮೇಲೆ ಪೆನ್ಸಿಲ್ಲಿನಲ್ಲಿ ಮಗಳ ಹುಟ್ಟಿದ ದಿನಾಂಕ.
ಅದನ್ನು ಬದಲಿಸುವುದಿಲ್ಲ, ಪಕ್ಕಕ್ಕೊಂದು ಪಟ್ಟಿ ಜೋಡಿಸುತ್ತೇನೆ.
ಬಾಲ್ಸಾ ಹಾಳೆಗೆ ಕೆಟಲಿನ ಹಬೆ ಹಿಡಿದು
ಮೂತಿಯ ದುಂಡಿಗೆ ಬಗ್ಗಿಸುತ್ತೇನೆ, ಉಸಿರು ಕಟ್ಟಿ.

ಒಡಲು ಬಿಚ್ಚಿದ ದಿನ ಕಂಡಿತು:
ಬ್ಯಾಟರಿಯಿಂದ ರಿಸೀವರಿಗೆ ಹೋಗುವ ತಂತಿ,
ಮೇಲೆ ಕೆಂಪು, ಒಳಗೆ ಪೂರ್ತಿ ಕಪ್ಪು.
ಉಗುರು ತಾಕಿದ್ದೇ ತಡ, ಪುಡಿಯಾಯಿತು.
ಇದೇ ಬೀಳಿಸಿತ್ತೇ ಅದನ್ನು?
ಅಥವಾ ಅಟ್ಟದ ಹತ್ತೊಂಬತ್ತು ಚಳಿಗಾಲ ತಿಂದ ತಾಮ್ರವೇ ಇದು?
ದೀಪ ಹತ್ತಿರ ಎಳೆದೆ. ಭೂತಗನ್ನಡಿ ಹಿಡಿದೆ.
ಕಪ್ಪಿಗೆ ತಾರೀಖಿರುವುದಿಲ್ಲ.

"ಬಲಗೈ ನಡುಗುತ್ತೆ ಅಪ್ಪನಿಗೆ," ಅಂದಿದ್ದಳು ಮಾರಿಕಾ,
"ಸೂಪಿನ ಚಮಚ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಖಾಲಿ."
ಅದಕ್ಕೇ ಹೊಸ ರೇಡಿಯೋದಲ್ಲಿ
ಕಡ್ಡಿಯ ನಡುಭಾಗವನ್ನು ಮಂದ ಮಾಡಿದೆ.
ಬೆರಳು ನಡುಗಿದರೆ ನಡುಗಲಿ, ಅದು ರೆಕ್ಕೆಯವರೆಗೆ ಹೋಗದು;
ಬೇಕೆಂದೇ ತಳ್ಳಿದರೆ ಮಾತ್ರ ತಿರುಗುತ್ತದೆ.
ನನ್ನ ಕೈಯನ್ನೇ ನಡುಗಿಸಿ ನಡುಗಿಸಿ ಪರೀಕ್ಷಿಸಿದೆ.
ಕೊನೆಕೊನೆಗೆ ನಡುಗಿಸಬೇಕಾಗಲಿಲ್ಲ.

ಮೇ ತಿಂಗಳು. ರಷ್ಯನ್ನರು ಬಿಟ್ಟುಹೋದ ರನ್‌ವೇ,
ಕಾಂಕ್ರೀಟಿನ ಸಂದಿಯಲ್ಲೆಲ್ಲ ಹಳದಿ ಹೂವು.
ಹಲಗೆ ಈಗಿಲ್ಲ. ಈಗಿನ ರೇಡಿಯೋಗಳು
ತಂತಮ್ಮ ವಿಮಾನವನ್ನು ತಾವೇ ಗುರುತಿಸುತ್ತವೆ.
ಹಿಲ್ಲಾರ್ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದ.
ಬೆರಳು ನಡುಗಿತು, ವಿಮಾನವೂ ನಡುಗಿತು,
ಆದರೆ ಮೂತಿ ವಾಲಲಿಲ್ಲ, ಬಾಲ ವಾಲಲಿಲ್ಲ.

"ಹಿಲ್ಲಾರ್, ಆವತ್ತು ಹಲಗೆ ಹತ್ತಿರ ನಾನು…"
"ಎಷ್ಟು ಹೆಚ್ಚಾಯಿತು?"
"ಏನು?"
"ತೂಕ."
"ಹನ್ನೊಂದು ಗ್ರಾಂ."
ಗಾಳಿಯ ಕಡೆ ಮುಖ ತಿರುಗಿಸಿ, ಬಹಳ ಹೊತ್ತಿನ ಮೇಲೆ,
"ಹೊತ್ತೀತು," ಅಂದ.

ಹೊತ್ತಿತು. ಮೊದಲ ಸುತ್ತಿನಲ್ಲಿ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು;
ಇಳಿದ ಮೇಲೆ ಸರಿಮಾಡಬೇಕು.