ದಂಡೆಯ ಮೇಲೆ ದಂಡ

ಬಾ, ಮುಂದೆ ಬಾ, ಹುಬ್ಬು ಗಂಟಿಕ್ಕಬೇಡ,
ಕುತಾಯಿಸಿಯಲ್ಲಿ ದಂಡ ಕಟ್ಟದ ಗಂಡಸಿಲ್ಲ.
ಕೈಗವಸು ಕಳಚು. ಈ ಕಿತ್ತಳೆ ಬಣ್ಣದ ಪೆಟ್ಟಿಗೆ
ಉಣ್ಣೆಯ ಬೆರಳನ್ನು ಬೆರಳೆಂದು ಒಪ್ಪುವುದಿಲ್ಲ.
ಕಾರಿನ ಚಿತ್ರ ಒತ್ತು. ಅದಲ್ಲ,
ಅದು ನೀರಿನ ಬಿಲ್ಲು.
ಈಗ ನಂಬರು. ನಡುವೆ ಮೂರು ಅಂಕಿ,
ಅತ್ತ ಎರಡು ಇತ್ತ ಎರಡು ಅಕ್ಷರ,
ಚಟ್ಟಕ್ಕೆ ಹೆಗಲು ಕೊಟ್ಟವರ ಹಾಗೆ.
ನೋಟಿನ ಮಡಿಕೆ ಬಿಡಿಸು, ತೊಡೆಯ ಮೇಲೆ ತೀಡು,
ಮುದುರಿದ್ದನ್ನು ಕೊಟ್ಟರೆ
ಕಷಾಯ ಕುಡಿಸಿದ ಕೂಸಿನಂತೆ ಉಗುಳುತ್ತದೆ.
ಚಿಲ್ಲರೆ ಕೇಳಬೇಡ, ನುಂಗಿದ್ದು ನುಂಗಿದ್ದೇ.
ಮಿಕ್ಕ ಮೂವತ್ತು ತೆತ್ರಿ ನಿನ್ನ ಫೋನಿಗೆ ಹಾಕಲೋ,
ನನ್ನ ಫೋನಿಗೆ ಹಾಕಿ ಒಂದು ಲೋಟ
ಸೂರ್ಯಕಾಂತಿ ಬೀಜ ಅಳೆಯಲೋ?

ನಾನು ತ್ಸಿಯುರಿ.
ರಿಯೋನಿ ಹೊಳೆಯ ದಂಡೆಗೆ, ಸೇತುವೆಯ ಬುಡಕ್ಕೆ
ನಾನು ಬಂದ ಮೇಲೆ ಈ ಪೆಟ್ಟಿಗೆ ಬಂತು.
ಸ್ಟೇರಿಂಗು ಮುಟ್ಟಿದವಳಲ್ಲ,
ಊರಿನ ಪಾಪವೆಲ್ಲ ಈಗ ನನ್ನ ಬೆರಳ ತುದಿಯಲ್ಲಿ.
ಪಾದ್ರಿಯ ಕಿವಿಗೆ ಬೀಳದ್ದು ಪರದೆಯ ಮೇಲೆ ಬೀಳುತ್ತದೆ,
ತಾರೀಖು, ಗಳಿಗೆ, ಬೀದಿಯ ಹೆಸರಿನ ಸಮೇತ.
ಹಲ್ಲಿನ ಡಾಕ್ಟರು ಜುಂಬೆರ್ ಬೆಲ್ಟು ಹಾಕುವುದಿಲ್ಲ,
ಊಟವಾದ ಹೊಟ್ಟೆಗೆ ಒತ್ತುತ್ತದಂತೆ.
ಲೆಕ್ಕದ ಟೀಚರು ಮಕ್ವಲಾ
ನಡುರಾತ್ರಿ ಎರಡಕ್ಕೆ, ನೂರಿಪ್ಪತ್ತರ ವೇಗದಲ್ಲಿ,
ಜೆಸ್ತಾಫೋನಿ ರಸ್ತೆ.
ಯಾಕೆಂದು ಕೇಳಲಿಲ್ಲ, ರಸೀದಿ ಹರಿದು ಕೈಗಿಟ್ಟೆ.
ನಾಲ್ಕು ಚೂರು ಮಾಡಿ ಹೊಳೆಗೆ ಬಿಟ್ಟಳು.
ಪೊಲೀಸಿನವನೂ ಬರುತ್ತಾನೆ, ಟೋಪಿ ಕಂಕುಳಲ್ಲಿಟ್ಟು,
ಕೆಂಪಗೆ ಕಿವಿ ಮಾಡಿಕೊಂಡು.

ಈಗ ಸಾಲಿನಲ್ಲಿ ಯಾರೂ ಇಲ್ಲ, ಹೇಳಿಬಿಡುತ್ತೇನೆ.
ಮಂಗಳವಾರ ಸಂಜೆ, ಗಿರಾಕಿ ಕರಗಿದ ಮೇಲೆ,
ನಾನೂ ಒಂದು ನಂಬರು ಒತ್ತುತ್ತಿದ್ದೆ.
ಬಿಳಿ ಓಪೆಲ್. ನನ್ನ ಶಕ್ರೋನದು.
ಅವನು ಹೋದ ನಲವತ್ತನೆಯ ದಿನ ಕಳೆದು
ಮಾರಿದೆ. ಕೊಂಡವನು ಮೀಸೆ ಮೂಡದ ಹುಡುಗ,
ಹೆಸರು ಬದಲಾಯಿಸುವುದು ನಾಳೆ ಅಜ್ಜೀ, ಅಂದ.
ಮೂರು ವರ್ಷ ಆ ನಾಳೆ ಬರಲಿಲ್ಲ,
ದಂಡ ಮಾತ್ರ ಬಂತು, ಶಕ್ರೋನ ಹೆಸರಿಗೇ.

ಬತುಮಿಯಲ್ಲಿ ಕಡಲಿನೆದುರು
ನಿಲ್ಲಬಾರದಲ್ಲಿ ನಿಂತ: ಹತ್ತು ಲರಿ.
ಬದುಕಿದ್ದಾಗ ಒಂದು ದಿನ ಕಡಲು ತೋರಿಸದ ಮನುಷ್ಯ!
ಗೋರಿಯಲ್ಲಿ
ಕೆಂಪು ದೀಪ ಮೀರಿ ಮುಂದೆ ಹೋದ.
ರಿಕೋತಿಯ ಸುರಂಗದಾಚೆ ತೊಂಬತ್ತೆಂಟು,
ಇವನು, ನಲವತ್ತು ದಾಟದವನು,
ಹಿಂದಿನ ಲಾರಿಗಳೆಲ್ಲ ಹಾರನ್ನು ಬಡಿದು
ಅಮ್ಮ ಅಕ್ಕ ಅನ್ನುತ್ತಿದ್ದರೂ
ಸಿಗರೇಟು ಹೊತ್ತಿಸಿಕೊಳ್ಳುತ್ತಿದ್ದವನು.
ಒಂದು ಸಲ ಅಂಚೆಯಲ್ಲಿ ಪಟ ಬಂತು.
ಗಾಜಿನ ತುಂಬ ಬಿಸಿಲು, ಮುಖ ಕಾಣಲಿಲ್ಲ,
ಕನ್ನಡಿಗೆ ನಾನು ಕಟ್ಟಿದ್ದ ನೀಲಿ ಮಣಿ
ಗಾಳಿಗೆ ಓರೆಯಾಗಿತ್ತು.

ಹುಡುಗನ ಫೋನು ನಂಬರು ನನ್ನಲ್ಲಿತ್ತು, ಬೈಯಬಹುದಿತ್ತು.
ಬೀಜದ ದುಡ್ಡು ಎಣಿಸಿ ನಾನೇ ಕಟ್ಟಿದೆ.
ನಗಬೇಡ ನೀನು.
ಹತ್ತು ಲರಿಗೆ ಯಾವ ಪುಣ್ಯಾತ್ಮ ಹೇಳುತ್ತಾನೆ,
ನಿನ್ನವನು ಮೊನ್ನೆ ಮಧ್ಯಾಹ್ನ ಎಲ್ಲಿದ್ದನೆಂದು?
ತಡವಾದರೆ ದುಪ್ಪಟ್ಟಂತೆ. ಒಂದು ದಿನವೂ
ತಡ ಮಾಡಿದವಳಲ್ಲ.

ಹೋದ ಮಂಗಳವಾರ ಒತ್ತಿದೆ.
ಪರದೆಯ ಆ ಸಣ್ಣ ಚಕ್ರ ಸುತ್ತಿತು, ಸುತ್ತಿತು,
ಅಂಥ ವಾಹನವೇ ಇಲ್ಲ ಅಂದಿತು.
ಮತ್ತೆ ಒತ್ತಿದೆ, ಒಂದೊಂದೇ ಅಕ್ಷರ,
ಕೈಗವಸಿಲ್ಲದೆ.
ಹುಡುಗನಿಗೆ ಬುದ್ಧಿ ಬಂದಿರಬೇಕು,
ಹೊಸ ಹೆಸರು, ಹೊಸ ತಗಡು. ಒಳ್ಳೆಯದೇ ಬಿಡು.
ಒಂದು ಲೋಟ ಬೀಜ ಆ ಸಂಜೆ ನಾನೇ ತಿಂದೆ,
ಸಿಪ್ಪೆ ಕಾಲ ಸುತ್ತ.

ತಗೋ ನಿನ್ನ ರಸೀದಿ, ಜೋಬಿನ ಒಳಗಿಡು,
ಬಿಸಿಲು ತಾಗಿದರೆ ಅಕ್ಷರ ಅಳಿಸುತ್ತದೆ.
ಗಾಡಿ ಎಲ್ಲಿ ಬಿಟ್ಟು ಬಂದೆ?
ಸೇತುವೆಯ ಮೇಲೇ?
ಅಯ್ಯೋ ಓಡು, ಅಲ್ಲಿ ನಿಲ್ಲಿಸಬಾರದು ಮಾರಾಯ,
ಓಡು!