ಸಿಲ್ವರ್ ಮರದೊಳಗಿನ ಗುಂಡು

ಕಾಫಿ ಕಣದ ಟಾರ್ಪಾಲಿನ ಮೇಲೆ ಇನ್ನೂ ಇಬ್ಬನಿ.
ಉತ್ತಯ್ಯ ಬಂದ, ಕಿವಿಗೆ ಮಫ್ಲರ್;
ಚೆಯ್ಯಂಡಾಣೆಯಿಂದ ಮೊಯ್ದು, ಜೀಪಿನಲ್ಲಿ ಅವನಪ್ಪನ ಗರಗಸ.
ಕಕ್ಕಡದ ಗಾಳಿಗೆ ಉರುಳಿದ ಸಿಲ್ವರ್ ಮರ
ಪುತ್ತರಿ ಕಳೆದ ಮೇಲೆ
ಇವತ್ತು ನಮ್ಮ ಕೈಗೆ ಸಿಕ್ಕಿದೆ.

"ಎಳಿ. ಒತ್ತಬೇಡ ಮಾರಾಯ, ಎಳಿ."
ಗರಗಸದ ಎರಡು ತುದಿಗೆ ಇಬ್ಬರು,
ಮೂರನೆಯವನಿಗೆ ಉಪದೇಶದ ಕೆಲಸ.
ಹತ್ತು ಗಂಟೆಗೆ ಅಂಗಿ ಬಿಚ್ಚಿದೆವು,
ಬೆನ್ನಿನಿಂದ ಹಬೆ ಎದ್ದಿತು, ಉಳುವ ಎತ್ತಿಗೆ ಏಳುವಂತೆ.

ಮೇಲಿನ ತುಂಡಿಗೆ ಕೊಡಲಿ ಬಿದ್ದು
ಮರ ಎರಡಾಗಿ ತೆರೆದಾಗ
ನಡುವೆ ಒಂದು ಕಪ್ಪು ಕಲೆ, ಕಲೆಯೊಳಗೆ
ಸೀಸದ ಗುಂಡು.

ಇಪ್ಪತ್ತೆರಡು ವರ್ಷದ ಹಿಂದಿನ ಕೈಲ್‌ಪೊಳ್ದ್.
ಇದೇ ಮರದ ತುದಿಯಲ್ಲಿ ತೆಂಗಿನಕಾಯಿ,
ಸರದಿ ಕಾಯಲಾರದೆ ಮೂರು ಕೋವಿ ಒಂದೇ ಸಲ ಢಮಾರ್.
ಕಾಯಿ ಒಡೆದದ್ದು ನಾನೇ ಎಂದು
ಅಂದಿನಿಂದ ಮೂವರೂ
ಕಂಡ ಕಂಡ ಮದುವೆಗಳಲ್ಲಿ ಹೇಳಿಕೊಂಡು ಬಂದಿದ್ದೇವೆ.

ಈಗ ಯಾರೂ ಬಾಯಿ ಬಿಡುವುದಿಲ್ಲ.
ಮೊಯ್ದು ಉಗುರಿನಿಂದ ಎಬ್ಬಿಸಿ, ಅಂಗೈಯಲ್ಲಿ ತೂಗಿ
ನನಗೆ ದಾಟಿಸಿದ; ನಾನು ಉತ್ತಯ್ಯನಿಗೆ.
ಅವನು ಇಡಲು ಜಾಗ ಹುಡುಕುತ್ತಿರುವಾಗ
ಅವ್ವ ಕಡಂಬಿಟ್ಟು ಹಿಡಿದು ತೋಟಕ್ಕಿಳಿದಳು:
"ಎಷ್ಟು ಸೌದೆ ಆಯ್ತು?"

ಮೂವರೂ ಒಟ್ಟಿಗೇ
ಇದ್ದ ಒಂದು ಕೊಡಲಿಗೆ ಕೈ ಹಾಕಿದೆವು.