ಸರದಿ

ಉಪ್ಪಳದ ರೈಲುಹಳಿಯಾಚೆ ಹಂಚಿನ ಬೀಡಿ ಶೆಡ್ಡು.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪು,
ಒದ್ದೆ ಗೋಣಿಯೊಳಗೆ ನಿನ್ನೆಯ ಎಲೆ.
ಹದಿನೇಳು ಜನ ಸುರುಟುವಾಗ ಒಬ್ಬ ಪೇಪರು ಓದುವುದು;
ಓದಿದವನ ಪಾಲಿನ ಬೀಡಿ ಉಳಿದವರ ಕೈಯಿಂದ.

ಕೈಗೆ ಕೆಲಸವಿತ್ತು, ಹಾಗಾಗಿ
ಬೆರಳು ತೋರಿಸಿ ಮಾತಾಡುವುದು ಅಲ್ಲಿ ಆಗುತ್ತಿರಲಿಲ್ಲ.
ಕೊರಗಪ್ಪಣ್ಣನದು ಇನ್ನೊಂದು ಕಟ್ಟಳೆ:
ಎದುರಿನವ ಹೇಳಿದ್ದನ್ನು ಮೊದಲು ನೀನು ಹೇಳು,
ಅವ ತಲೆಯಾಡಿಸಿದ ಮೇಲೆ ನಿನ್ನದು ಬಿಚ್ಚು.
ಕೆಲವು ಜಗಳ ಆ ತಲೆಯಾಡಿಕೆಯಲ್ಲೇ ಮುಗಿದು
ಗಂಜಿಗೆ ಕೈ ತೊಳೆಯಲು ಏಳುತ್ತಿದ್ದವು.

ನನಗೆ ಹತ್ತೊಂಬತ್ತು. ಬಾಯಿ ಕತ್ತರಿಗಿಂತ ಹರಿತ.
ಬೆಳಗ್ಗೆ ಮೊದಲು ಕನ್ನಡ ಪೇಪರೋ ಮಲಯಾಳವೋ?
"ನಮ್ಮ ಬಾಷೆ..." ಎಂದು ಅಂದುಂಞಿ ಶುರುಮಾಡಿದ.
"ಮೊದಲು 'ಭಾ' ಕಲಿ ಮಾರಾಯ, ಮತ್ತೆ ಭಾಷೆ" ಎಂದೆ.
ಶೆಡ್ಡು ನಕ್ಕಿತು. ಬಟ್ಯ ಕೆಮ್ಮು ಬರುವಷ್ಟು ನಕ್ಕ.
ಅಂದುಂಞಿ ಎಲೆ ಕತ್ತರಿಸುತ್ತ ಹೋದ,
ಬೇಕಾದ್ದಕ್ಕಿಂತ ಚಿಕ್ಕದಾಗಿ.

ಕೊರಗಪ್ಪಣ್ಣ ನಗಲಿಲ್ಲ. ಬಯ್ಯಲೂ ಇಲ್ಲ.
ನನ್ನ ಕಟ್ಟಿನಿಂದ ಒಂದು ಬೀಡಿ ಎಳೆದು
ನೂಲು ಬಿಚ್ಚಿ, ಎಲೆ ಬಿಡಿಸಿ ತೋರಿಸಿದ:
"ತಲೆ ಚಂದ ಮಡಚಿದ್ದಿ.
ಒಳಗೆ ಸೊಪ್ಪು ಎಲ್ಲುಂಟು?"

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳು; ಬಂತು.
ಬೆಳಗ್ಗೆ ಬಾಗಿಲಲ್ಲೇ ಅಪ್ಪಣೆ:
ಇವತ್ತು ಅಂದುಂಞಿಯ ಪಕ್ಷ ನಿನ್ನದು,
ಮಾತು ಮಲಯಾಳದಲ್ಲಿ.

ಕುಂಬಳೆಯ ಚಿಕ್ಕಮ್ಮನ ನೆರೆಯಲ್ಲಿ ಹೆಕ್ಕಿದ ಅರೆಬರೆ ಮಲಯಾಳ.
ಮೀನು, ಉಪ್ಪು, ಬಾವಿಹಗ್ಗಕ್ಕೆ ಶಬ್ದವಿತ್ತು,
ವಾದಕ್ಕೆ ಇರಲಿಲ್ಲ. ಆದರೂ ಹೇಳಿದೆ:
ಏಳು ಜನಕ್ಕೆ ಕನ್ನಡ ಅರ್ಧವೇ ತಿಳಿಯುವುದು,
ಎರಡನೆಯದಾಗಿ ಓದುವ ಪೇಪರು
ಯಾವತ್ತೂ ಮೂರನೇ ಪುಟ ದಾಟುವುದಿಲ್ಲ,
ಅಷ್ಟರಲ್ಲಿ ಊಟದ ಹೊತ್ತು.
ಹೇಳುತ್ತ ಹೇಳುತ್ತ
ಅದು ನಿಜವೆಂದು ನನಗೇ ಹೊಳೆದು ಎಲೆ ಹರಿಯಿತು.
ಆದ್ದರಿಂದ ದಿನಕ್ಕೊಂದು... ಎಂದು ನಿಂತೆ.
'ಸರದಿ'ಗೆ ಎಂತ ಹೇಳುವುದು?
ಬಾಯಿ ತೆರೆದೇ ಇತ್ತು,
ನಗಲು ಈಗ ಎಲ್ಲರಿಗೂ ಹಕ್ಕಿತ್ತು.

ಹಲ್ಲಲ್ಲಿ ಕಚ್ಚಿದ ನೂಲು ಬಿಡದೆ
ಅಂದುಂಞಿಯೇ ಮೆಲ್ಲಗೆ ಎತ್ತಿಕೊಟ್ಟ:
"ಊಳಂ."
ತಲೆಯಾಡಿಸಿದ.

"ಈಗ ನಿನ್ನದು" ಎಂದ ಕೊರಗಪ್ಪಣ್ಣ.
ನನ್ನದೂ ಇತ್ತು; ಬಿಡಲಿಲ್ಲ.
ಹೇಳಿದೆ, ಸಣ್ಣ ಸ್ವರದಲ್ಲಿ,
ಒಂದೊಂದಾಗಿ, ಕಟ್ಟು ಎಣಿಸುವ ಹಾಗೆ.
ಅಂದುಂಞಿ ಪೂರ್ತಿ ಕೇಳಿದ.
ಒಪ್ಪಲಿಲ್ಲ.